ನಾನು ಕೇಳೇ ಇಲ್ಲದ ಲೈಬ್ರರಿ: ಸಿ ಎಕ್ಸ್‌ಟೆನ್ಶನ್ ಮತ್ತು ಆಟೋ ಲಿಂಕಿಂಗ್

ಆ ಎರರ್ ನನಗೆ ಈಗಲೂ ಬಾಯಿಪಾಠ. ಎಲ್‌ಎನ್‌ಕೆ 1104. "ಪೈಥಾನ್313 ಅಂಡರ್‌ಸ್ಕೋರ್ ಡಿ ಡಾಟ್ ಲಿಬ್" ಅನ್ನೋ ಫೈಲ್ ತೆರೆಯೋಕೆ ಆಗ್ತಿಲ್ಲ ಅಂತ ಲಿಂಕರ್ ಹೇಳ್ತಿತ್ತು. ಭಾನುವಾರ ರಾತ್ರಿ ಹನ್ನೊಂದೂವರೆ. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಿನಿ ಪ್ರಾಜೆಕ್ಟ್ ರಿವ್ಯೂ. ನನ್ನ ಕೋಡಿನಲ್ಲಿ ಆ ಹೆಸರು ಎಲ್ಲಾದರೂ ಇದೆಯಾ ಅಂತ ಮೂರು ಸಲ ಹುಡುಕಿದೆ. ಇಲ್ಲ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಹುಡುಕಿದೆ. ಅಲ್ಲೂ ಇಲ್ಲ. ನಾನು ಕೇಳೇ ಇಲ್ಲದ ಫೈಲು ಸಿಗ್ತಿಲ್ಲ ಅಂತ ಕಂಪ್ಯೂಟರ್ ನನಗೇ ಬೈತಾ ಇದೆ!

ಆ ಹೆಸರು ಎಲ್ಲಿಂದ ಬಂತು ಅನ್ನೋದೇ ಈ ಲೇಖನ. ಪೈಥಾನ್‌ಗೆ ಸಿ ಭಾಷೆಯಲ್ಲಿ ಎಕ್ಸ್‌ಟೆನ್ಶನ್ ಬರೆಯೋಕೆ ಹೊರಟ ಯಾರಿಗಾದರೂ, ಅದರಲ್ಲೂ ವಿಂಡೋಸ್ ಲ್ಯಾಪ್‌ಟಾಪ್ ಇರೋರಿಗೆ, ಒಂದಲ್ಲ ಒಂದು ದಿನ ಇದು ಎದುರಾಗುತ್ತೆ. ಆವತ್ತು ನಿಮ್ಮ ರಾತ್ರಿ ನಿದ್ದೆಯಾದರೂ ಉಳಿಯಲಿ.

ಸಿ ಯಾಕೆ ಬೇಕಾಯ್ತು?

ನಮ್ಮ ಪ್ರಾಜೆಕ್ಟ್ ತುಂಬಾ ಸಿಂಪಲ್. ಬಿಳಿ ಹಾಳೆ ಮೇಲೆ ಭತ್ತದ ಕಾಳು ಹರಡಿ, ಮೊಬೈಲಲ್ಲಿ ಫೋಟೋ ತೆಗೆದು, ಎಷ್ಟು ಕಾಳಿದೆ ಅಂತ ಎಣಿಸೋದು. ರೆಡಿಮೇಡ್ ಇಮೇಜ್ ಲೈಬ್ರರಿ ಬಳಸೋ ಹಾಗಿಲ್ಲ, ಅಲ್ಗಾರಿದಮ್ ನೀವೇ ಬರೀಬೇಕು ಅಂತ ಗೈಡ್ ಹೇಳಿದ್ದರು. 12 ಮೆಗಾಪಿಕ್ಸೆಲ್ ಫೋಟೋ ಅಂದ್ರೆ 1.2 ಕೋಟಿ ಪಿಕ್ಸೆಲ್. ಪೈಥಾನ್‌ನಲ್ಲಿ ಒಂದೊಂದೇ ಪಿಕ್ಸೆಲ್ ನೋಡ್ತಾ ಹೋದರೆ ಅಷ್ಟರಲ್ಲಿ ಕ್ಯಾಂಟೀನ್‌ಗೆ ಹೋಗಿ ಟೀ ಕುಡಿದು ಬರಬಹುದು. ಅದೇ ಲೂಪ್ ಸಿ ಭಾಷೆಯಲ್ಲಿ ಬರೆದು, ಪೈಥಾನ್‌ನಿಂದ ಕರೆದರೆ ಕಣ್ಣು ಮಿಟುಕಿಸೋದರೊಳಗೆ ಮುಗಿಯುತ್ತೆ. ಹೀಗೆ ಪೈಥಾನ್ ಒಳಗೆ ಇಂಪೋರ್ಟ್ ಮಾಡಬಹುದಾದ ಸಿ ಕೋಡಿಗೆ ಸಿ ಎಕ್ಸ್‌ಟೆನ್ಶನ್ ಅಂತಾರೆ.

ನನ್ನ ಟೀಮ್‌ಮೇಟ್ ಹತ್ರ ಉಬುಂಟು ಇದೆ. ಅವನು ನನ್ನ ಕೋಡ್ ತಗೊಂಡು ಬಿಲ್ಡ್ ಮಾಡಿದ, ಒಂದೇ ಏಟಿಗೆ ಆಯ್ತು. "ಮಗಾ, ನಂದ್ರಲ್ಲಿ ಓಡ್ತಿದೆ" ಅಂತ ಮೆಸೇಜ್ ಹಾಕಿದ. ಆದರೆ ರಿವ್ಯೂ ಇದ್ದದ್ದು ಲ್ಯಾಬಿನ ವಿಂಡೋಸ್ ಮಶೀನ್‌ಗಳ ಮೇಲೆ. ಹಾಗಾಗಿ ವಿಂಡೋಸ್‌ನಲ್ಲಿ ಬಿಲ್ಡ್ ಆಗಲೇಬೇಕು, ಅದು ನನ್ನ ಜವಾಬ್ದಾರಿ.

ಲಿಂಕರ್ ಮಾಡೋ ಕೆಲಸ

ಕಂಪೈಲರ್ ನಿಮ್ಮ ಸಿ ಫೈಲನ್ನು ಆಬ್ಜೆಕ್ಟ್ ಫೈಲ್ ಮಾಡುತ್ತೆ. ನೀವು ಬೇರೆಯವರು ಬರೆದ ಫಂಕ್ಷನ್ ಕರೆದಿದ್ದರೆ, ಉದಾಹರಣೆಗೆ ಪೈಥಾನ್‌ನ ಪೈಆರ್ಗ್ ಪಾರ್ಸ್‌ಟಪಲ್, ಆ ಜಾಗ ಖಾಲಿ ಬಿಟ್ಟು "ಇದು ಇನ್ನೆಲ್ಲೋ ಇದೆ" ಅಂತ ಬರೆದಿಡುತ್ತೆ. ಖಾಲಿ ಜಾಗಗಳನ್ನೆಲ್ಲ ತುಂಬೋದು ಲಿಂಕರ್ ಕೆಲಸ.

ವಿಂಡೋಸ್‌ನಲ್ಲಿ ಇಲ್ಲೊಂದು ನಿಯಮ ಇದೆ. ಒಂದು ಡಿಎಲ್‌ಎಲ್‌ನಲ್ಲಿರೋ ಫಂಕ್ಷನ್ ಬೇಕಾದರೆ ಫಂಕ್ಷನ್ ಹೆಸರು ಮಾತ್ರ ಸಾಲದು, ಯಾವ ಡಿಎಲ್‌ಎಲ್ ಅನ್ನೋದೂ ನಿಮ್ಮ ಫೈಲಿನೊಳಗೆ ದಾಖಲಾಗಿರಬೇಕು. ಆ ಮಾಹಿತಿ ಲಿಂಕರ್‌ಗೆ ಸಿಗೋದು ಇಂಪೋರ್ಟ್ ಲೈಬ್ರರಿ ಅನ್ನೋ ಪುಟ್ಟ ಲಿಬ್ ಫೈಲಿನಿಂದ. ಅದರಲ್ಲಿ ಪೈಥಾನ್‌ನ ಅಸಲಿ ಕೋಡ್ ಇರಲ್ಲ. "ಈ ಫಂಕ್ಷನ್ ಬೇಕಾ? ಪೈಥಾನ್313 ಡಿಎಲ್‌ಎಲ್‌ನಲ್ಲಿ ಸಿಗುತ್ತೆ" ಅನ್ನೋ ವಿಳಾಸದ ಪಟ್ಟಿ ಅಷ್ಟೇ. ಪೈಥಾನ್ 3.13 ಇನ್‌ಸ್ಟಾಲ್ ಮಾಡಿದರೆ ಲಿಬ್ಸ್ ಅನ್ನೋ ಫೋಲ್ಡರಿನಲ್ಲಿ ಪೈಥಾನ್313 ಡಾಟ್ ಲಿಬ್ ಇರುತ್ತೆ.

ಇಲ್ಲಿ ನನಗೊಂದು ಅನುಮಾನ ಮೊದಲೇ ಬರಬೇಕಿತ್ತು. ನಾನು ವಿಶುವಲ್ ಸ್ಟುಡಿಯೋದಲ್ಲಿ ಹೆಡರ್ ಫೋಲ್ಡರ್ ಕೊಟ್ಟಿದ್ದೆ, ಲಿಬ್ಸ್ ಫೋಲ್ಡರ್ ಕೊಟ್ಟಿದ್ದೆ. ಆದರೆ ಯಾವ ಲೈಬ್ರರಿ ಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಹಾಗಿದ್ರೆ ಲಿಂಕರ್‌ಗೆ ಹೆಸರು ಹೇಳಿದ್ದು ಯಾರು?

ನಮ್ಮ ಪರವಾಗಿ ಆರ್ಡರ್ ಮಾಡೋ ಗೆಳೆಯ

ದಿನಾ ನಿಮ್ಮ ಜೊತೆ ಕ್ಯಾಂಟೀನ್‌ಗೆ ಬರೋ ಗೆಳೆಯ ಒಬ್ಬ ಇದಾನೆ ಅಂದ್ಕೊಳ್ಳಿ. ನೀವು ಬಾಯಿ ಬಿಡೋಕೆ ಮುಂಚೆ ಅವನೇ ನಿಮ್ಮ ಪರವಾಗಿ ಮಸಾಲೆ ದೋಸೆ ಹೇಳಿಬಿಡ್ತಾನೆ. ವರ್ಷಪೂರ್ತಿ ಆರಾಮ. ಒಂದು ದಿನ ಕೌಂಟರ್‌ನಲ್ಲಿ ಇದ್ದೋರು "ರವೆ ಇಡ್ಲಿ ಇಲ್ಲಪ್ಪ" ಅಂತಾರೆ. ನೀವು ತಲೆ ಕೆರ್ಕೊಂಡು "ನಾನು ರವೆ ಇಡ್ಲಿ ಕೇಳೇ ಇಲ್ವಲ್ಲ!" ಅಂತೀರ. ಕೇಳಿದ್ದು ನೀವಲ್ಲ, ಅವನು. ಆವತ್ತು ನಿಮ್ಮ ಮುಖ ನೋಡಿ ಹೊಟ್ಟೆ ಸರಿ ಇಲ್ಲ ಅಂದ್ಕೊಂಡು ಆರ್ಡರ್ ಬದಲಾಯಿಸಿದಾನೆ.

ಸಿ ಎಕ್ಸ್‌ಟೆನ್ಶನ್‌ನಲ್ಲಿ ಆ ಗೆಳೆಯನ ಹೆಸರು ಪೈಕಾನ್ಫಿಗ್ ಡಾಟ್ ಎಚ್. ನೀವು ಪೈಥಾನ್ ಡಾಟ್ ಎಚ್ ಇನ್‌ಕ್ಲೂಡ್ ಮಾಡಿದ ಕೂಡಲೇ ಅದರ ಹಿಂದೆ ಇದೂ ಬರುತ್ತೆ. ವಿಂಡೋಸ್‌ನ ಪೈಕಾನ್ಫಿಗ್ ಒಳಗೆ ಪ್ರಾಗ್ಮಾ ಕಾಮೆಂಟ್ ಅನ್ನೋ ಸಾಲುಗಳಿವೆ. ಹೆಸರು ಕಾಮೆಂಟ್ ಅಂತಿದ್ರೂ ಅದು ನಾವು ಬರೆಯೋ ಕಾಮೆಂಟ್ ಅಲ್ಲ. ಮೈಕ್ರೋಸಾಫ್ಟ್ ಕಂಪೈಲರ್ ಅದನ್ನು ನೋಡಿ, ಆಬ್ಜೆಕ್ಟ್ ಫೈಲಿನೊಳಗೇ "ಲಿಂಕ್ ಮಾಡುವಾಗ ಈ ಲೈಬ್ರರಿಯನ್ನೂ ಸೇರಿಸಿಕೋ" ಅಂತ ಚೀಟಿ ಇಡುತ್ತೆ. ಲಿಂಕರ್ ಆ ಚೀಟಿ ಓದಿ ಫೈಲ್ ಹುಡುಕುತ್ತೆ. ಇದೇ ಆಟೋ ಲಿಂಕಿಂಗ್. ಉದ್ದೇಶ ಒಳ್ಳೇದೇ, ಪ್ರತಿಯೊಬ್ಬರೂ ಪ್ರಾಜೆಕ್ಟಿನಲ್ಲಿ ಲೈಬ್ರರಿ ಹೆಸರು ಬರೆಯೋ ಕಷ್ಟ ತಪ್ಪಲಿ ಅಂತ.

ಆದರೆ ಚೀಟಿಯಲ್ಲಿ ಇರೋದು ಹೆಸರು ಮಾತ್ರ. ಫೋಲ್ಡರ್ ಯಾವುದು ಅಂತ ಇಲ್ಲ. ಜೊತೆಗೆ ಯಾವ ಹೆಸರು ಅನ್ನೋದನ್ನು ಹೆಡರ್ ಫೈಲು ನಿಮ್ಮ ಮ್ಯಾಕ್ರೋಗಳನ್ನು ನೋಡಿ ತಾನೇ ತೀರ್ಮಾನ ಮಾಡುತ್ತೆ. ತೊಂದರೆ ಶುರುವಾಗೋದು ಅಲ್ಲೇ.

ಆ 'ಡಿ' ಎಲ್ಲಿಂದ ಬಂತು?

ರಾತ್ರಿ ಹನ್ನೆರಡಕ್ಕೆ ಫೈನಲ್ ಇಯರ್‌ನ ಒಬ್ಬ ಸೀನಿಯರ್‌ಗೆ ಮೆಸೇಜ್ ಹಾಕಿದೆ. ಪುಣ್ಯಕ್ಕೆ ಎದ್ದಿದ್ದರು.

"ಯಾವ ಮೋಡಲ್ಲಿ ಬಿಲ್ಡ್ ಮಾಡ್ತಿದೀಯ?"

"ಡಿಬಗ್ಗೇ ಅಕ್ಕ, ಅದೇ ಅಲ್ವಾ ಡೀಫಾಲ್ಟ್ ಇರೋದು."

"ಅದೇ ಪ್ರಾಬ್ಲಮ್. ಪೈಕಾನ್ಫಿಗ್ ತೆಗೆದು ಅದರಲ್ಲಿ ಡಿಬಗ್ ಅಂತ ಸರ್ಚ್ ಮಾಡು."

ಮಾಡಿದೆ. ಡಿಬಗ್ ಮೋಡಿನಲ್ಲಿ ಬಿಲ್ಡ್ ಮಾಡಿದರೆ ಅಂಡರ್‌ಸ್ಕೋರ್ ಡಿಬಗ್ ಅನ್ನೋ ಮ್ಯಾಕ್ರೋ ಡಿಫೈನ್ ಆಗುತ್ತೆ. ಪೈಕಾನ್ಫಿಗ್ ಅದನ್ನು ನೋಡಿ "ಓ, ಇವನಿಗೆ ಪೈಥಾನ್‌ನ ಡಿಬಗ್ ಆವೃತ್ತಿ ಬೇಕು" ಅಂದ್ಕೊಂಡು ಕೊನೆಯಲ್ಲಿ ಡಿ ಇರೋ ಲೈಬ್ರರಿಯ ಚೀಟಿ ಇಡುತ್ತೆ. ನನಗೆ ಬೇಕಿದ್ದದ್ದು ನನ್ನ ಕೋಡಿನಲ್ಲಿ ಬ್ರೇಕ್‌ಪಾಯಿಂಟ್ ಹಾಕೋದು. ಅದು ಅರ್ಥ ಮಾಡಿಕೊಂಡದ್ದು ಇಡೀ ಪೈಥಾನನ್ನೇ ಡಿಬಗ್ ಮಾಡಬೇಕು ಅಂತ. ಆ ಡಿ ಲೈಬ್ರರಿ ಮಾಮೂಲಿ ಇನ್‌ಸ್ಟಾಲ್‌ನಲ್ಲಿ ಬರಲ್ಲ. ಇನ್‌ಸ್ಟಾಲರ್‌ನಲ್ಲಿ ಡಿಬಗ್ ಬೈನರಿಗಳು ಬೇಕು ಅಂತ ಬೇರೆಯಾಗಿ ಟಿಕ್ ಹಾಕಿದ್ರೆ ಮಾತ್ರ.

ಸೀನಿಯರ್ "ರಿಲೀಸ್‌ಗೆ ಬದಲಾಯಿಸು" ಅಂತ ಬರೆಯೋಷ್ಟರಲ್ಲಿ ನಾನು ಬುದ್ಧಿವಂತಿಕೆ ತೋರಿಸೋಕೆ ಹೋಗಿದ್ದೆ. ಪೈಥಾನ್313 ಡಾಟ್ ಲಿಬ್ ಫೈಲನ್ನೇ ಕಾಪಿ ಮಾಡಿ, ಅದಕ್ಕೆ ಡಿ ಸೇರಿಸಿ ಹೆಸರಿಟ್ಟೆ. ಕೇಳಿದ ಹೆಸರಿನ ಫೈಲ್ ಸಿಕ್ತಲ್ಲ, ಇನ್ನೇನು ಬೇಕು! 1104 ಹೋಯ್ತು. ಅದರ ಜಾಗಕ್ಕೆ ನೆಗೆಟಿವ್ ರೆಫ್‌ಕೌಂಟ್ ಅನ್ನೋ ಹೆಸರಿನ ಯಾವುದೋ ಫಂಕ್ಷನ್ ಸಿಗ್ತಿಲ್ಲ ಅಂತ ಹೊಸ ಎರರ್ ಬಂತು.

ಕಾರಣ ಇಷ್ಟು. ಡಿಬಗ್ ಮ್ಯಾಕ್ರೋ ಬದಲಾಯಿಸೋದು ಲೈಬ್ರರಿ ಹೆಸರನ್ನು ಮಾತ್ರ ಅಲ್ಲ. ಹೆಡರ್ ಒಳಗಿನ ಕೋಡೇ ಬದಲಾಗುತ್ತೆ. ಪೈಥಾನ್‌ನಲ್ಲಿ ಪ್ರತಿ ಆಬ್ಜೆಕ್ಟ್‌ಗೂ ಅದನ್ನು ಎಷ್ಟು ಜನ ಹಿಡಿದುಕೊಂಡಿದ್ದಾರೆ ಅನ್ನೋ ರೆಫರೆನ್ಸ್ ಲೆಕ್ಕ ಇರುತ್ತೆ. ಡಿಬಗ್ ಆವೃತ್ತಿಯಲ್ಲಿ ಆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋದರೆ ಕೂಗಿಕೊಳ್ಳೋಕೆ ಒಂದು ಫಂಕ್ಷನ್ ಇದೆ, ಅದು ರಿಲೀಸ್ ಡಿಎಲ್‌ಎಲ್‌ನಲ್ಲಿ ಇಲ್ಲ. ಅಷ್ಟೇ ಅಲ್ಲ, ಡಿಬಗ್ ಪೈಥಾನ್ ಬಳಸೋದು ಸಿ ರನ್‌ಟೈಮ್‌ನ ಡಿಬಗ್ ಆವೃತ್ತಿ. ಒಂದು ರನ್‌ಟೈಮ್ ಕೊಟ್ಟ ಮೆಮೊರಿಯನ್ನು ಇನ್ನೊಂದು ರನ್‌ಟೈಮ್ ಫ್ರೀ ಮಾಡಿದರೆ ಪ್ರೋಗ್ರಾಮ್ ಕ್ರ್ಯಾಶ್ ಆಗಬಹುದು. ಬೋರ್ಡು ಬದಲಾಯಿಸಿದ ಮಾತ್ರಕ್ಕೆ ಒಳಗಿನ ಅಂಗಡಿ ಬದಲಾಗಲ್ಲ.

ಕಾಪಿ ಮಾಡಿದ ಫೈಲ್ ಅಳಿಸಿ, ರಿಲೀಸ್ ಮೋಡಿಗೆ ಹಾಕಿ ಬಿಲ್ಡ್ ಕೊಟ್ಟೆ. ಆಯ್ತು. ರಾತ್ರಿ ಒಂದೂವರೆಗೆ ಕಾಳು ಡಾಟ್ ಪಿವೈಡಿ ಅನ್ನೋ ಫೈಲು ನನ್ನ ಲ್ಯಾಪ್‌ಟಾಪಿನಲ್ಲಿ ಕಾಳು ಎಣಿಸ್ತು.

ಉಬುಂಟುಲಿ ಯಾಕೆ ಏನೂ ಆಗಲಿಲ್ಲ?

ಟೀಮ್‌ಮೇಟ್‌ಗೆ ಈ ಯಾವ ತಲೆನೋವೂ ಇರಲಿಲ್ಲ. ಅವನು ಜಾಣ ಅಂತಲ್ಲ, ಲಿನಕ್ಸ್‌ನ ಪದ್ಧತಿನೇ ಬೇರೆ. ಅಲ್ಲಿ ಶೇರ್ಡ್ ಲೈಬ್ರರಿಯೊಳಗೆ ಫಂಕ್ಷನ್ ಹೆಸರು ಖಾಲಿ ಬಿಟ್ಟರೂ ನಡೆಯುತ್ತೆ, ಅದು ಯಾವ ಫೈಲಿನದು ಅಂತ ಬರೆಯಬೇಕಿಲ್ಲ. ಓಡುತ್ತಿರೋ ಪೈಥಾನ್ ತನ್ನ ಎಲ್ಲಾ ಫಂಕ್ಷನ್‌ಗಳನ್ನೂ ಹೊರಗೆ ಕಾಣೋ ಹಾಗೆ ಇಟ್ಟಿರುತ್ತೆ. ಎಕ್ಸ್‌ಟೆನ್ಶನ್ ಲೋಡ್ ಆದಾಗ ಅಲ್ಲೇ ಹುಡುಕಿ ಜೋಡಿಸಲಾಗುತ್ತೆ.

ಮುಂಚೆ ಅಲ್ಲೂ ಸ್ವಲ್ಪ ಗೊಂದಲ ಇತ್ತು. ಪೈಥಾನನ್ನು ಶೇರ್ಡ್ ಲೈಬ್ರರಿಯಾಗಿ ಬಿಲ್ಡ್ ಮಾಡಿದ್ದರೆ ಎಕ್ಸ್‌ಟೆನ್ಶನ್‌ಗಳೂ ಲಿಬ್‌ಪೈಥಾನ್‌ಗೆ ಲಿಂಕ್ ಆಗುತ್ತಿದ್ದವು. 2019ರಲ್ಲಿ ಬಂದ ಪೈಥಾನ್ 3.8ರಿಂದ ಯುನಿಕ್ಸ್ ಕಡೆ ಆ ಲಿಂಕ್ ತೆಗೆದುಹಾಕಿದರು, ಆಂಡ್ರಾಯ್ಡ್ ಮತ್ತು ಸಿಗ್‌ವಿನ್ ಬಿಟ್ಟು. ಅದೇ 3.8ರಲ್ಲಿ ಯುನಿಕ್ಸ್ ಕಡೆ ಡಿಬಗ್ ಪೈಥಾನ್ ಮತ್ತು ರಿಲೀಸ್ ಪೈಥಾನ್ ನಡುವಿನ ಎಬಿಐ ಗೋಡೆಯನ್ನೂ ಕೆಡವಿದರು. ವಿಂಡೋಸ್‌ನಲ್ಲಿ ಡಿಎಲ್‌ಎಲ್ ಹೆಸರು ಬೇಕೇ ಬೇಕು, ಹಾಗಾಗಿ ಲಿಂಕ್ ಬಿಟ್ಟುಬಿಡೋ ಹಾಗಿಲ್ಲ.

ಸೋಮವಾರ ಬೆಳಿಗ್ಗೆ, ಲ್ಯಾಬ್

ಕಥೆ ಅಲ್ಲಿಗೆ ಮುಗೀತು ಅಂದ್ಕೊಂಡಿದ್ದೆ. ಒಂಬತ್ತೂಕಾಲಿಗೆ ಪೆನ್‌ಡ್ರೈವ್ ಹಾಕಿ ಲ್ಯಾಬ್ ಮಶೀನಲ್ಲಿ ಇಂಪೋರ್ಟ್ ಮಾಡಿದೆ. "ಡಿಎಲ್‌ಎಲ್ ಲೋಡ್ ಫೇಲ್ಡ್" ಅಂತ ಬಂತು, ಹೇಳಿದ ಮಾಡ್ಯೂಲ್ ಸಿಗ್ತಿಲ್ಲ ಅಂತೆ. ಫೈಲು ಕಣ್ಣೆದುರಿಗೇ ಇದೆ! ಟೀಮ್‌ಮೇಟ್ ಮುಖ ಸಣ್ಣ ಆಯ್ತು. ಲ್ಯಾಬಿನಲ್ಲಿ ಕಂಪೈಲರ್ ಬೇರೆ ಇಲ್ಲ.

ಈ ಸಲ ಗಾಬರಿ ಆದ್ರೂ ಯೋಚನೆ ಮಾಡೋ ದಾರಿ ಗೊತ್ತಿತ್ತು: ನನ್ನ ಪರವಾಗಿ ಯಾರು, ಯಾವ ಹೆಸರು ಬರೆದಿದಾರೆ? ನನ್ನ ಲ್ಯಾಪ್‌ಟಾಪಿನಲ್ಲಿ ಡಂಪ್‌ಬಿನ್ ಅನ್ನೋ ಟೂಲ್‌ಗೆ ಡಿಪೆಂಡೆಂಟ್ಸ್ ಆಪ್ಶನ್ ಕೊಟ್ಟು ಪಿವೈಡಿ ಫೈಲ್ ತೋರಿಸಿದೆ. ಪಟ್ಟಿಯಲ್ಲಿ ಪೈಥಾನ್313 ಡಿಎಲ್‌ಎಲ್ ಇತ್ತು. ಲ್ಯಾಬಿನಲ್ಲಿ ಇದ್ದದ್ದು ಪೈಥಾನ್ 3.11. ಎರರ್‌ನಲ್ಲಿ ಹೇಳಿದ 'ಸಿಗದ ಮಾಡ್ಯೂಲ್' ನನ್ನ ಫೈಲ್ ಅಲ್ಲ, ನನ್ನ ಫೈಲ್ ಕೇಳ್ತಿರೋ ಡಿಎಲ್‌ಎಲ್. ಆಟೋ ಲಿಂಕಿಂಗ್‌ನಲ್ಲಿ ಆವೃತ್ತಿಯ ನಂಬರ್ ಕೂಡ ನನಗೆ ಹೇಳದೆ ಒಳಗೆ ಕೂತಿತ್ತು.

ಇದಕ್ಕೆ ಪೈಥಾನ್‌ನಲ್ಲೇ ಒಂದು ದಾರಿ ಇದೆ, ಲಿಮಿಟೆಡ್ ಎಪಿಐ. ಪೈಥಾನ್ ಡಾಟ್ ಎಚ್ ಇನ್‌ಕ್ಲೂಡ್ ಮಾಡೋಕೆ ಮುಂಚೆ ಪೈ ಲಿಮಿಟೆಡ್ ಎಪಿಐ ಅನ್ನೋ ಮ್ಯಾಕ್ರೋ ಡಿಫೈನ್ ಮಾಡಿ, ಕನಿಷ್ಠ ಯಾವ ಆವೃತ್ತಿ ಅಂತ ಹೇಳಬೇಕು. ಆಗ ಬಳಸಬಹುದಾದ ಫಂಕ್ಷನ್‌ಗಳು ಕಮ್ಮಿ ಆಗುತ್ತವೆ, ಆದರೆ ಮುಂದಿನ ಆವೃತ್ತಿಗಳಲ್ಲೂ ಬದಲಾಗದೆ ಇರೋ ಫಂಕ್ಷನ್‌ಗಳು ಮಾತ್ರ ಉಳಿಯುತ್ತವೆ. ಅದೇ ಮ್ಯಾಕ್ರೋ ನೋಡಿ ಪೈಕಾನ್ಫಿಗ್ ಕೂಡ ತನ್ನ ಚೀಟಿ ಬದಲಾಯಿಸಿ, ನಂಬರ್ ಇಲ್ಲದ ಪೈಥಾನ್3 ಡಾಟ್ ಲಿಬ್ ಹೆಸರು ಬರೆಯುತ್ತೆ. ಪೈಥಾನ್3 ಡಿಎಲ್‌ಎಲ್ ಈಗಿನ ಮಾಮೂಲಿ 3.x ಇನ್‌ಸ್ಟಾಲ್‌ಗಳಲ್ಲಿ ಇರುತ್ತೆ, ಬಂದ ಕರೆಯನ್ನು ಅಲ್ಲಿರೋ ಅಸಲಿ ಡಿಎಲ್‌ಎಲ್‌ಗೆ ದಾಟಿಸುತ್ತೆ.

ನಮ್ಮ ಕೋಡು ಬೈಟ್ಸ್ ತಗೊಂಡು ಒಂದು ಸಂಖ್ಯೆ ವಾಪಸ್ ಕೊಡೋದು ಅಷ್ಟೇ, ಹಾಗಾಗಿ ಕಮ್ಮಿ ಎಪಿಐ ಸಾಕಾಯ್ತು. ಒಂದು ಸಾಲು ಸೇರಿಸಿ, 3.11 ಅಂತ ಕೊಟ್ಟು, ಲ್ಯಾಬಿನ ಕಾರಿಡಾರ್‌ನಲ್ಲೇ ಬಿಲ್ಡ್ ಮಾಡಿದೆ. ಪೆನ್‌ಡ್ರೈವ್, ಇಂಪೋರ್ಟ್, ಎಂಟರ್. ಎರರ್ ಇಲ್ಲ. ಟೈಮ್ ನೋಡಿದರೆ ಹತ್ತಕ್ಕೆ ಎಂಟು ನಿಮಿಷ.

ಇದೇ ಜಾತಿಯ ಇನ್ನು ಮೂರು ತೊಂದರೆ

ಒಂದು, ಮಿಂಗ್‌ಡಬ್ಲ್ಯೂ ಬಳಸೋರಿಗೆ. ಪೈಕಾನ್ಫಿಗ್‌ನ ಚೀಟಿ ಇರೋದು ಮೈಕ್ರೋಸಾಫ್ಟ್ ಕಂಪೈಲರ್‌ಗೆ ಮಾತ್ರ. ಜಿಸಿಸಿಗೆ ಅದು ಕಾಣೋದೇ ಇಲ್ಲ. ಅಲ್ಲಿ ಲೈಬ್ರರಿ ಹೆಸರು ನೀವೇ ಕೊಡದಿದ್ದರೆ ಪೈಥಾನ್‌ನ ಪ್ರತಿ ಫಂಕ್ಷನ್‌ಗೂ ಅನ್‌ಡಿಫೈನ್ಡ್ ರೆಫರೆನ್ಸ್ ಅಂತ ಪುಟಗಟ್ಟಲೆ ಬರುತ್ತೆ. ಸೆಟಪ್‌ಟೂಲ್ಸ್ ಮೂಲಕ ಬಿಲ್ಡ್ ಮಾಡಿದರೆ ಇದನ್ನು ಅದೇ ನೋಡಿಕೊಳ್ಳುತ್ತೆ.

ಎರಡು, ಫ್ರೀ ಥ್ರೆಡೆಡ್ ಪೈಥಾನ್. ಜಿಲ್ ಇಲ್ಲದ ಪೈಥಾನ್ 3.13ರಲ್ಲಿ ಪ್ರಯೋಗವಾಗಿ ಬಂತು. ಅದರ ಲೈಬ್ರರಿ ಹೆಸರಿನ ಕೊನೆಯಲ್ಲಿ 'ಟಿ' ಇದೆ. ವಿಂಡೋಸ್ ಇನ್‌ಸ್ಟಾಲರ್‌ನಲ್ಲಿ ಎರಡೂ ಆವೃತ್ತಿಗೆ ಹೆಡರ್ ಫೈಲ್ ಒಂದೇ. ಹಾಗಾಗಿ ಪೈ ಜಿಲ್ ಡಿಸೇಬಲ್ಡ್ ಮ್ಯಾಕ್ರೋ ನೀವು ಅಥವಾ ನಿಮ್ಮ ಬಿಲ್ಡ್ ಟೂಲ್ ಡಿಫೈನ್ ಮಾಡದಿದ್ದರೆ, ಗೆಳೆಯ ಸುಮ್ಮನೆ ಹಳೇ ಆರ್ಡರ್‌ನೇ ಹೇಳಿಬಿಡ್ತಾನೆ, ಟಿ ಇಲ್ಲದ ಲೈಬ್ರರಿ.

ಮೂರು, ಸಿ ಪ್ಲಸ್ ಪ್ಲಸ್‌ನ ಬೂಸ್ಟ್. ಅದಕ್ಕೂ ಆಟೋ ಲಿಂಕಿಂಗ್ ಇದೆ. ಕಂಪೈಲರ್ ಆವೃತ್ತಿ, ಡಿಬಗ್ಗೋ ರಿಲೀಸೋ ಅನ್ನೋದನ್ನೆಲ್ಲ ಸೇರಿಸಿ ಉದ್ದದ ಹೆಸರು ತಯಾರು ಮಾಡುತ್ತೆ. ನಿಮ್ಮ ಫೋಲ್ಡರಿನಲ್ಲಿರೋ ಹೆಸರಿಗೆ ಒಂದು ಅಕ್ಷರ ವ್ಯತ್ಯಾಸ ಇದ್ದರೂ ಅದೇ 1104. ಬೂಸ್ಟ್ ಆಲ್ ನೋ ಲಿಬ್ ಅನ್ನೋ ಮ್ಯಾಕ್ರೋ ಡಿಫೈನ್ ಮಾಡಿದರೆ ಅದು ಸುಮ್ಮನಾಗುತ್ತೆ, ಆಮೇಲೆ ಹೆಸರು ನೀವೇ ಕೊಡಬೇಕು.

ನಿಮಗೂ ಹೀಗಾದರೆ

ಮೊದಲು ಮೋಡ್ ನೋಡಿ. ಡಿಬಗ್‌ನಲ್ಲಿದ್ದರೆ ರಿಲೀಸ್‌ಗೆ ಹಾಕಿ. ಬ್ರೇಕ್‌ಪಾಯಿಂಟ್ ಬೇಕಾದರೆ ರಿಲೀಸ್‌ನಲ್ಲೇ ಆಪ್ಟಿಮೈಸೇಶನ್ ಆಫ್ ಮಾಡಿ, ಡಿಬಗ್ ಮಾಹಿತಿ ಆನ್ ಮಾಡಬಹುದು. ನಿಜವಾಗಿಯೂ ಪೈಥಾನ್ ಒಳಗೆ ಇಳಿಯಬೇಕಾ? ಇನ್‌ಸ್ಟಾಲರ್‌ನಲ್ಲಿ ಡಿಬಗ್ ಬೈನರಿಗಳನ್ನು ಸೇರಿಸಿ. ಆಗ ಓಡಿಸೋ ಪೈಥಾನ್ ಕೂಡ ಡಿ ಇರೋದೇ ಆಗಿರಬೇಕು, ನಿಮ್ಮ ಪಿವೈಡಿ ಹೆಸರಿಗೂ ಅಂಡರ್‌ಸ್ಕೋರ್ ಡಿ ಬೇಕು.

ಚೀಟಿಯಲ್ಲಿ ಏನಿದೆ ಅಂತ ಓದಬೇಕಾದರೆ ಆಬ್ಜೆಕ್ಟ್ ಫೈಲ್ ಮೇಲೆ ಡಂಪ್‌ಬಿನ್ ಅನ್ನು ಡೈರೆಕ್ಟಿವ್ಸ್ ಆಪ್ಶನ್ ಜೊತೆ ಓಡಿಸಿ. ಡೀಫಾಲ್ಟ್‌ಲಿಬ್ ಅಂತ ಇರೋ ಸಾಲುಗಳಲ್ಲಿ ಹೆಸರುಗಳು ಕಾಣುತ್ತವೆ. ಬಿಲ್ಡ್ ಮುಗಿದ ಪಿವೈಡಿಗೆ ಡಿಪೆಂಡೆಂಟ್ಸ್. 32 ಬಿಟ್ ಮತ್ತು 64 ಬಿಟ್ ಬೆರೆತಿಲ್ಲ ಅಂತಾನೂ ನೋಡಿ. ಬೆರೆತರೆ ಲೈಬ್ರರಿ ಸಿಕ್ಕರೂ ಫಂಕ್ಷನ್‌ಗಳು ಸಿಗಲ್ಲ.

2025ರಲ್ಲಿ ಬಂದ ಪೈಥಾನ್ 3.14ರಲ್ಲಿ ಒಂದು ಹೊಸ ಮ್ಯಾಕ್ರೋ ಇದೆ, ಪೈ ನೋ ಲಿಂಕ್ ಲಿಬ್. ಇದನ್ನು ಡಿಫೈನ್ ಮಾಡಿದರೆ ಪೈಕಾನ್ಫಿಗ್ ಚೀಟಿ ಇಡೋದನ್ನೇ ಬಿಡುತ್ತೆ. ಆಮೇಲೆ ಸರಿಯಾದ ಲೈಬ್ರರಿ ಹೆಸರು ಕೊಡೋದು ನಿಮ್ಮ ಅಥವಾ ನಿಮ್ಮ ಬಿಲ್ಡ್ ಟೂಲ್ ಜವಾಬ್ದಾರಿ. ಸಿಮೇಕ್ ಬಳಸೋ ದೊಡ್ಡ ಪ್ರಾಜೆಕ್ಟ್‌ಗಳಿಗೆ ಇದು ಅನುಕೂಲ, ಎಲ್ಲಾ ಹೆಸರೂ ಒಂದೇ ಕಡೆ ಕಾಣುತ್ತೆ.

ರಿವ್ಯೂನಲ್ಲಿ ಮೇಡಂ ಕೇಳಿದ ಮೊದಲ ಪ್ರಶ್ನೆ ಕಾಳಿನ ಬಗ್ಗೆ ಅಲ್ಲ. "ಈ ಪಿವೈಡಿ ನಿಮ್ಮ ಲ್ಯಾಪ್‌ಟಾಪಲ್ಲಿ ಬಿಲ್ಡ್ ಮಾಡಿದ್ದಲ್ವಾ? ಇಲ್ಲಿ ಹೇಗೆ ಓಡ್ತಿದೆ?" ಅಂದರು. ಶನಿವಾರ ಕೇಳಿದ್ದರೆ "ಗೊತ್ತಿಲ್ಲ ಮೇಡಂ, ಓಡ್ತಿದೆ" ಅಂತಿದ್ದೆ. ಅವತ್ತು ಐದು ನಿಮಿಷ ಉತ್ತರ ಕೊಟ್ಟೆ, ಬೋರ್ಡ್ ಮೇಲೆ ಬರೆದು ತೋರಿಸಿದೆ. ಕಾಳಿನ ಎಣಿಕೆ ಎರಡು ತಪ್ಪಿತ್ತು, ಒಂದರ ಮೇಲೊಂದು ಬಿದ್ದಿದ್ದ ಕಾಳುಗಳು. ಅದಿನ್ನೂ ಸರಿ ಮಾಡ್ತಾ ಇದೀವಿ.

ನಿಮ್ಮ ಹತ್ರಾನೂ ಇಂಥ ಎರರ್ ಕಥೆ ಇದ್ದರೆ ಬರೆದು ಕ್ಲಬ್‌ಗೆ ಕಳಿಸಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾನೇ ಇಷ್ಟು ಬರೆದಿದೀನಿ ಅಂದ್ರೆ ನಿಮಗೇನು ಕಷ್ಟ ಆಗಲ್ಲ.